ಸೊಂಟಕ್ಕೆ ಕನಕಾಂಬರ, ತಲೆಗೆ ಸ್ಕ್ಯಾನು

ಅರಕಲಗೂಡು ತಾಲ್ಲೂಕಿನಲ್ಲಿ ನನ್ನಷ್ಟು ಗುಂಡಿಗೆಯ ಆಸಾಮಿ ಇನ್ನೊಬ್ಬನಿಲ್ಲ. ಬಹುಶಃ ಅದಕ್ಕೇ ಎದೆ ನಡುಗಿಸುವ ಸಂಗತಿಗಳೆಲ್ಲ ಮಲ್ಲಿಪಟ್ಟಣದ ಬಸ್ಸು ಹತ್ತಿ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಗೆರೆ

ಇಪ್ಪತ್ತೈದು ವರ್ಷ ದಿನಾ ಸಂಜೆ ಕುಡಿದರೂ ನಾನು ಎಂದೂ ಬಿದ್ದವನಲ್ಲ. ಈಚೆಗೆ ಬೆಳಿಗ್ಗೆ, ಕುಡಿಯದೆ ಇದ್ದಾಗಲೇ, ಗದ್ದೆ ಬದುವಿನಿಂದ ಬೀಳತೊಡಗಿದೆ. ನಾನು ಬದುವನ್ನು ಬೈದೆ; ಹೆಂಡತಿ ನನ್ನನ್ನು ಹಾಸನಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ನರರೋಗದ ಡಾಕ್ಟರು ನೆಲದ ಟೈಲ್ಸಿನ ಗೆರೆ ತೋರಿಸಿ, ಅದರ ಮೇಲೆ ನಡೆಯಿರಿ ಎಂದರು. ಮೂರನೇ ಹೆಜ್ಜೆಗೆ ಅವರ ಮೇಜನ್ನು ತಬ್ಬಿಕೊಂಡೆ. ಗೆರೆಯೇ ಸೊಟ್ಟ ಎಂದೆ.

"ಟೈಲ್ಸ್ ಹಾಕಿದೋರು ಕುಡಿದಿರ್ಲಿಲ್ಲ" ಎಂದರು.

ಚಿರತೆ

ನಿನ್ನೆ ಏನು ಮಾಡಿದಿರಿ ಎಂದು ಕೇಳಿದರು. ಬಿಡುತ್ತೇನೆಯೇ? ದೊಡ್ಡಗದ್ದವಳ್ಳಿ ಹತ್ತಿರ ಒಂದು ಚಿರತೆ ಅಡ್ಡ ಬಂತು, ಟವೆಲ್ ಬೀಸಿ ಓಡಿಸಿದೆ ಎಂದೆ. ಎಲ್ಲರೂ ನಗುವ ಜಾಗದಲ್ಲಿ ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ಹೆಂಡತಿಗೆ ಹೇಳಿದರು: ಬಹಳ ವರ್ಷ ಕುಡಿದವರಲ್ಲಿ ಕೆಲವರಿಗೆ ನೆನಪು ತೂತಾಗುತ್ತದೆ, ಮನಸ್ಸು ಆ ತೂತಿಗೆ ಇಲ್ಲದ್ದನ್ನೆಲ್ಲ ತುಂಬುತ್ತದೆ, ಅವರು ಅದನ್ನೇ ನಿಜ ಅಂತ ನಂಬುತ್ತಾರೆ, ಸ್ಕ್ಯಾನ್ ಮಾಡಿ ನೋಡೋಣ.

ನನಗೆ ಬೆವರು ಕಿತ್ತುಕೊಂಡಿತು. ಚಿರತೆ ಸುಳ್ಳು, ಸರಿ. ಹಾಗಾದರೆ ನಿನ್ನೆ ನಿಜವಾಗಿ ಏನು ಮಾಡಿದೆ? ಹೊಳೆಯಲೇ ಇಲ್ಲ.

"ಮದ್ವೆ ದಿನದಿಂದ್ಲೂ ಇಂಗೇ ಸಾ ಇವ್ರು" ಎಂದಳು ಹೆಂಡತಿ. "ಆಗಿನ್ನೂ ಕುಡೀತಿರ್ನಿಲ್ಲ."

ಉಡುದಾರ

ಸ್ಕ್ಯಾನಿಂಗ್ ಕೋಣೆಗೆ ಲೋಹ ಕೂಡದಂತೆ. ನನ್ನ ಬೆಳ್ಳಿ ಉಡುದಾರ ಬಿಚ್ಚಿ ಎಂದ ಟೆಕ್ನಿಷಿಯನ್. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ನಮ್ಮಲ್ಲಿ ಗಂಡಸಿನ ಸೊಂಟ ಬರಿದಾಗುವುದು ಹೆಣವಾದಾಗ ಮಾತ್ರ. ಹೊಸದು ಕಟ್ಟದೆ ಹಳೆಯದನ್ನು ಬಿಚ್ಚುವ ಹಾಗಿಲ್ಲ. ದಾರ ಹುಡುಕಿದರೆ ಎಲ್ಲೂ ಸಿಗಲಿಲ್ಲ. ಕೊನೆಗೆ ತನ್ನ ಮುಡಿಯಲ್ಲಿದ್ದ ಹೂವಿನ ಮಾಲೆಯನ್ನೇ ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದಳು. ಗಂಟು ಬಿಗಿದ ಮೇಲೆಯೇ ಬೆಳ್ಳಿಯದನ್ನು ಬಿಚ್ಚಿಕೊಂಡಳು.

ಟೆಕ್ನಿಷಿಯನ್ ಬಗ್ಗಿ ನೋಡಿ, ಇದರಲ್ಲಿ ಕಬ್ಬಿಣ ಏನೂ ಇಲ್ವಲ್ಲಮ್ಮ ಎಂದ.

"ಇಲ್ಲ ಕಣಪ್ಪ, ಬರೀ ಕನಕಾಂಬರ."

ಗುಹೆ

ಭಯವಾದರೆ ಒತ್ತಿ ಎಂದು ಕೈಗೊಂದು ರಬ್ಬರ್ ಚೆಂಡು ಕೊಟ್ಟ. ಅವನು ಬಾಗಿಲು ದಾಟುವ ಮೊದಲೇ ಮೂರು ಸಲ ಒತ್ತಿದೆ, ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು. ಆಮೇಲೆ ತಲೆಯ ಪಕ್ಕದಲ್ಲೇ ಬೋರ್‌ವೆಲ್ ಕೊರೆಯುವ ಸದ್ದು. ಆ ಮೆಷಿನ್ನಿನ ಕೊಳವೆಯೊಳಗೆ ನಾನೊಬ್ಬನೇ, ಕಳೆದುಹೋದ ಆ ನಿನ್ನೆಯನ್ನು ಹುಡುಕುತ್ತ ಮಲಗಿದ್ದೆ. ಸೋಮವಾರ ಸಿಕ್ಕಿತು, ಭಾನುವಾರ ಸಿಕ್ಕಿತು, ನಿನ್ನೆ ಮಾತ್ರ ಇಲ್ಲ. ಕಣ್ಣಲ್ಲಿ ನೀರು ಬಂತು. ಹೀಗೆ ತುಂಬ ಹೊತ್ತು ಕಳೆದ ಮೇಲೆ, ಒಮ್ಮೆಲೇ ಹೊಳೆಯಿತು. ಎದ್ದು ಕೂರಲು ಹೋಗಿ ಹಣೆ ಬಡಿಸಿಕೊಂಡು, "ರಾಗಿ ಮಿಲ್ಲು" ಎಂದು ಕೂಗಿಕೊಂಡೆ.

ಚಿತ್ರ ಅಲುಗಿತಂತೆ. ಮೊದಲಿನಿಂದ ಶುರುಮಾಡಿದರು.

ತೀರ್ಪು

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಹಿಂದುಗಡೆಯ ಕಿರುಮೆದುಳು ಸೊರಗಿದೆ, ಬೀಳುವುದು ಅದಕ್ಕೇ ಎಂದರು. ಕುಡಿತ ನಿಲ್ಲಿಸಲೇಬೇಕು, ಆದರೆ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲೇ ಸೇರಿಕೊಳ್ಳಿ, ನಡಿಗೆ ಎಷ್ಟೋ ಸುಧಾರಿಸಬಹುದು. ನಾನು ಆಗಲಿ ಎಂದೆ.

"ನೆನಪು ಸಾ?" ಎಂದಳು ಹೆಂಡತಿ.

ಡಾಕ್ಟರು ನಿನ್ನೆಯದನ್ನು ಮತ್ತೆ ಕೇಳಿದರು. ರಾಗಿ ಬೀಸಿಸಲು ಹೋಗಿದ್ದೆ, ಕರೆಂಟು ಹೋಗಿ ಸಂಜೆವರೆಗೂ ಕೂತಿದ್ದೆ ಎಂದೆ. ಹೆಂಡತಿ ಹೌದೆಂದಳು. ಇನ್ನೂ ನಾಲ್ಕಾರು ಪ್ರಶ್ನೆ ಕೇಳಿ, ಫಿಲ್ಮನ್ನು ಇನ್ನೊಮ್ಮೆ ನೋಡಿ ಹೇಳಿದರು: "ಸದ್ಯಕ್ಕೆ ನೆನಪಿಗೆ ಏನೂ ಆಗಿಲ್ಲ. ಚಿರತೆ ಕಾಯಿಲೆಯಲ್ಲ, ನಿಮ್ಮ ಸ್ವಂತದ್ದು."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಓಡಿದಳು. ಚನ್ನರಾಯಪಟ್ಟಣದ ತಮ್ಮನಿಗೆ ಫೋನ್ ಹಚ್ಚಿ, ಆಸ್ಪತ್ರೆಗೆಲ್ಲ ಕೇಳುವಂತೆ ಹೇಳಿದಳು:

"ಎದ್ರಬ್ಯಾಡ ಕಣ್ಲಾ, ದೇವ್ರು ದೊಡ್ಡೋನು. ನಿಮ್ ಭಾವ ಬರೀ ಸುಳ್ಳ ಅಂತೆ. ಡಾಕ್ಟ್ರೇ ಫೋಟೋ ತೆಗ್ದು ನೋಡಿ ಏಳವ್ರೆ."