ಸರ್ವರ್ ಕೊಟ್ಟ ಉತ್ತರ

ನನಗೊಂದು ದುರಭ್ಯಾಸವಿದೆ. ಎದುರಿನವರು ಏನೆಂದರು ಎಂಬುದು ವರ್ಷಗಟ್ಟಲೆ ನೆನಪಿರುತ್ತದೆ. ನಾನೇನೆಂದೆ ಎಂಬುದು ಮಾತ್ರ ಮನೆ ತಲುಪುವುದರೊಳಗೆ ಅಳಿಸಿಹೋಗುತ್ತದೆ. ಈ ಕುಂದು ನಾನು ಬರೆದ ಪ್ರೋಗ್ರಾಮಿಗೂ ಅಂಟಿಕೊಂಡಿತ್ತೆಂದು ಗೊತ್ತಾದದ್ದು ಶಹಾಬಾದಿನಲ್ಲಿ, ಅದೂ ಒಬ್ಬನ ನೌಕರಿಗೆ ಕುತ್ತು ಬಂದಾಗ.

ಊರಿಗೆ ಇಂಟರ್ನೆಟ್ಟು ಬಂದ ಹೊಸತು. ನೆಲಕ್ಕೆ ಹಾಸುವ ಪರ್ಸಿಕಲ್ಲು ಸಾಗಿಸುವ ಲಾರಿಗಳ ಸರದಿ ನೋಡಿಕೊಳ್ಳುವ ಸಣ್ಣ ಕಚೇರಿಯೊಂದಕ್ಕೆ ನಾನೇ ಸರ್ವರ್ ಕೂಡಿಸಿದ್ದೆ. ಕೌಂಟರಿನ ಸಾಯಬಣ್ಣ ಲಾರಿ ನಂಬರು ಒತ್ತಿದರೆ, ಸರದಿ ಬಂತೋ ಇಲ್ಲವೋ ಎಂದು ಪರದೆ ಹೇಳುತ್ತಿತ್ತು. ಒಂದು ದಿನ ಅವನು ಚಿಂಚೋಳಿ ಕಡೆಯಿಂದ ಬಂದ ಡ್ರೈವರನೊಬ್ಬನಿಗೆ, "ನಿನ್ನ ಲಾರಿ ಆಗ್ಲೇ ಲೋಡಾಗಿ ಹೋಗ್ಯದ" ಎಂದು ಹೇಳಿ ವಾಪಸು ಕಳಿಸಿಬಿಟ್ಟ. ಖಾಲಿ ಲಾರಿ ಬಾಗಿಲಲ್ಲೇ ನಿಂತಿತ್ತು! ಕಚೇರಿಯ ಮಾಲಕರು ಕೆಂಡವಾದರು. "ಯಾರದೋ ಮಾತ್ ಕೇಳಿ ಸರದಿ ತಪ್ಪಿಸ್ಯಾನ. ನಾಳಿ ಮಧ್ಯಾಹ್ನದೊಳಗ ಪುರಾವೆ ತೋರಸ್ಲಿ, ಇಲ್ಲಂದ್ರ ಮನಿಗಿ ಹೋಗ್ಲಿ."

"ಪರದೆ ಮ್ಯಾಲ ಹಂಗೇ ಬಂದಿತ್ರಿ ಸರ," ಎಂದು ಸಾಯಬಣ್ಣ ನನ್ನ ಮುಖ ನೋಡಿದ. ನಾನು ಜಂಬದಿಂದ ಸರ್ವರಿನ ದಿನಚರಿಯಾದ ಲಾಗ್ ಫೈಲು ತೆರೆದೆ. ಗಂಟೆ ಇತ್ತು, ಅವನು ಕೇಳಿದ ನಂಬರಿತ್ತು: 4417. ಸರ್ವರ್ ಏನು ಉತ್ತರ ಕೊಟ್ಟಿತೆಂಬುದು ಎಲ್ಲೂ ಇರಲಿಲ್ಲ. ಅದನ್ನೂ ಬರೆಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ತಪ್ಪು ಅವನದಾದರೆ ಅವನ ನೌಕರಿ, ನನ್ನದಾದರೆ ನನ್ನದು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಕುಳಿತೆ. ಹೊರಗೆ ಹೋಗುವ ಪ್ರತಿ ಉತ್ತರವೂ ಹೊಸ್ತಿಲು ದಾಟುವ ಮುನ್ನ ದಾಖಲಾಗುವಂತೆ ಕೋಡಿಗೆ ಸೇರಿಸಿದೆ: ಗಂಟೆ, ಕೇಳಿದ ನಂಬರು, ಸಿಕ್ಕ ಲಾರಿ, ಕೊಟ್ಟ ಉತ್ತರ, ಒಂದೊಂದಕ್ಕೂ ಒಂದೊಂದು ಖಾನೆ. 4417 ಒತ್ತಿದೆ. ಸಿಕ್ಕ ಲಾರಿಯ ಖಾನೆಯಲ್ಲಿ 'ಕೆಎ' ಎಂದು ಶುರುವಾಗುವ ನಂಬರು; ಉತ್ತರದ ಖಾನೆಯಲ್ಲಿ 'ಲೋಡಾಗಿ ಹೋಗಿದೆ'. ನಿನ್ನೆ ಬಂದಿದ್ದ ಲಾರಿಯೋ ಅದೇ 4417ರ, ಆದರೆ ಆಂಧ್ರದ 'ಎಪಿ'! ನಮ್ಮ ಕಡೆ ಯಾರೂ ಪೂರ್ತಿ ನಂಬರು ಹೇಳುವುದಿಲ್ಲ, ಕೊನೆಯ ನಾಲ್ಕಂಕಿ ಹೇಳಿದರೆ ಮುಗಿಯಿತು. ನಾನೂ ನಾಲ್ಕಂಕಿಯನ್ನೇ ಹುಡುಕುವಂತೆ ಬರೆದಿದ್ದೆ. ಆಂಧ್ರದ ಗಡಿ ಇಷ್ಟು ಹತ್ತಿರವಿರುವುದು ನನ್ನ ತಲೆಗೇ ಬಂದಿರಲಿಲ್ಲ.

ಆ ಸಾಲನ್ನು ಅಳಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಕೊನೆಗೆ ಪ್ರಿಂಟು ತೆಗೆದು ಮಾಲಕರ ಮುಂದಿಟ್ಟೆ. ಅವರು ಓದಿ, "ಸಾಯಬಣ್ಣಂದು ತಪ್ಪಿಲ್ಲ ಬಿಡ್ರಿ" ಎಂದರು. ಹೋದ ಜೀವ ಬಂದಂತಾಯಿತು, ಅಷ್ಟರಲ್ಲಿ ನನ್ನ ಕಡೆ ತಿರುಗಿದರು. "ಮಶೀನ್ ತಪ್ಪಿರಬಹುದು ಅಂತ ನೀವರೆ ನಿನ್ನಿ ಯಾಕ್ ಹೇಳ್ಲಿಲ್ಲ?"

"ನಂಗ ಮೊದ್ಲಿಂದ ಭಾಳ ಅನುಮಾನ ಇತ್ರಿ," ಎಂದೆ. ನನ್ನ ನೆನಪಿನ ಪ್ರಕಾರ ಅದು ನಿಜವೇ ಆಗಿತ್ತು.

ಬಾಗಿಲಲ್ಲಿ ನಿಂತಿದ್ದ ಸಾಯಬಣ್ಣ ಮೆಲ್ಲಗೆ ಕೆಮ್ಮಿದ. "ನಿನ್ನಿ, ಹನ್ನೊಂದೂವರಿಗಿ, ಚಾದಂಗಡಿ ಮುಂದ. ನಾ ಕೇಳಿದ್ದು: ಸರ, ಮಶೀನ್ ತಪ್ಪತದೇನ್ರಿ? ನೀವು ಕೊಟ್ಟ ಉತ್ರ: ಮಶೀನ್ ತಪ್ಪಂಗಿಲ್ಲ, ಮಂದಿ ತಪ್ತಾರ."

ಒಂದು ಖಾನೆಯೂ ಖಾಲಿ ಇರಲಿಲ್ಲ.