ಮಾನಿಟರ್ ಚನ್ನವೀರನು ಉಪಕಾರಕ್ಕೆ ದಂಡೆತ್ತಿ ಹೋದದ್ದು

ಡಸ್ಟರಿನ ಧೂಳನ್ನೇ ಧೂಪವೆಂದು ಸ್ವೀಕರಿಸುವ, ಕಾಗುಣಿತದ ಕೂಗನ್ನೇ ಮಂತ್ರಘೋಷವೆಂದು ಮನ್ನಿಸುವ ಕರಿಹಲಗೆಯ ಅಧಿದೇವತೆಯೇ, ಈ ಬಡ ಕಥೆಗಾರನ ನಾಲಗೆಯ ತುದಿಯಲ್ಲಿ ಸ್ವಲ್ಪ ಹೊತ್ತು ಕೂಡು, ತಾಯಿ! ಹೇಳಬೇಕಾದ ಸಂಗತಿ ದೊಡ್ಡದು. ಬೆತ್ತಗಳೆಲ್ಲ ಸರಕಾರದ ಆದೇಶಕ್ಕೆ ತಲೆಬಾಗಿ ಕಪಾಟಿನ ಹಿಂದೆ ಅಜ್ಞಾತವಾಸಕ್ಕೆ ಹೊರಟುಹೋದ, ಕಿವಿ ಹಿಂಡುವುದರಲ್ಲಿ ಪಳಗಿದ್ದ ಬೆರಳುಗಳು ಕೆಲಸವಿಲ್ಲದೆ ಜೇಬಿನೊಳಗೆ ಸೊರಗುತ್ತಿದ್ದ, ಬೈಗುಳವು ಗಂಟಲವರೆಗೆ ಬಂದು ಮುಗುಳ್ನಗೆಯಾಗಿ ಹೊರಬೀಳಬೇಕಾಗಿದ್ದ ಆ ವಿಚಿತ್ರ ಯುಗಸಂಧಿಯಲ್ಲಿ, ಡೋಣಿ ಸೀಮೆಯ ಕರಿಮಣ್ಣಿನ ಊರೊಂದರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ವೀರನಿದ್ದನು.

ಯಾರಾತನು? ಸೀಮೆಸುಣ್ಣಖಡ್ಗಧಾರಿ, ಪಿಸುಮಾತುಮರ್ದನ, ಕೊನೆಬೆಂಚುಭಯಂಕರ, ಸಪ್ತಮತರಗತಿಸಾರ್ವಭೌಮ, ಶ್ರೀಮನ್ಮಾನಿಟರ್ ಚನ್ನವೀರ ಬಣಕಾರನೇ ಆತನು. ಟೀಚರ್ ಹೊಸ್ತಿಲು ದಾಟಿ ಆಚೆ ಕಾಲಿಟ್ಟರೆ ಸಾಕು, ಈತನು ಗಂಭೀರಗಮನದಿಂದ ಹಲಗೆಯನ್ನು ಸಮೀಪಿಸಿ, ಎಡಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು, ಅದರಡಿ ಗೆರೆಯೆಳೆದು, ತರಗತಿಯತ್ತ ತಿರುಗಿ ನಿಲ್ಲುವನು. ಆಗ ಉಸಿರಾಡುವವರೂ ಯೋಚಿಸಿ ಉಸಿರಾಡಬೇಕು. ಕೆಮ್ಮಿದವನ ಹೆಸರು ಬಿತ್ತು. ‘ನಾ ಮಾತಾಡಿಲ್ಲ’ ಎಂದವಳ ಹೆಸರು ಬಿತ್ತು, ಹಾಗೆಂದು ಮಾತಾಡಿದ್ದಕ್ಕೆ ಮುಂದೊಂದು ಇಂಟು ಗುರುತೂ ಬಿತ್ತು. ಉಪ್ಪುಖಾರ ಹಚ್ಚಿದ ಪೇರಲಹಣ್ಣಿನ ಹೋಳು ಸಮರ್ಪಿತವಾದಲ್ಲಿ ಇಂಟು ಗುರುತು ಅವನ ಅಂಗೈಯ ಒಂದೇ ಒರೆತಕ್ಕೆ ಮಾಯವಾಗುವುದೂ ಉಂಟು. ಅರಸನೆಂದ ಮೇಲೆ ಕಪ್ಪಕಾಣಿಕೆ ಇರಲೇಬೇಕಲ್ಲ!

ಅಡ್ಡಹೆಸರು ಇಡುವ ವಿದ್ಯೆಯಲ್ಲಂತೂ ಅವನಿಗೆ ಸರಿಸಾಟಿಯಿಲ್ಲ. ಮೆಟ್ಟಿಲಲ್ಲಿ ಜಾರಿದವಳು ಸಂಜೆಯೊಳಗೆ ‘ಧಡಂ’ ಆದಳು. ಕ್ಷೌರ ಸರಿಯಾಗದವನು ‘ಬದನೆಕಾಯಿ’ ಆದನು. ಅದೇ ತರಗತಿಯಲ್ಲಿ ಅಮೋಘಸಿದ್ಧನೆಂಬ ಹುಡುಗನಿದ್ದನು. ಆ ಹೆಸರಿಗೆ ಕಥೆಗಾರನು ಬಿರುದು ಕಟ್ಟಬೇಕಾದ ಅಗತ್ಯವಿಲ್ಲ, ಹೆಸರೇ ಒಂದು ಬಿರುದು. ಆದರೆ ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ಶಾಲೆಯ ಹಾಲು ಕುಡಿದು, ಹೊಟ್ಟೆ ತೊಳಸಿ, ಪ್ರಾರ್ಥನೆಯ ಸಾಲಿನಲ್ಲೇ ಕಾರಿಕೊಂಡುಬಿಟ್ಟನು. ‘ಮೊಸರು!’ ಎಂದನು ಚನ್ನವೀರ. ಅಷ್ಟೇ. ಅಂದಿನಿಂದ ಅಮೋಘಸಿದ್ಧನು ಮೊಸರು. ಹಾಜರಿ ಕೂಗುವಾಗ ಟೀಚರ್ ಅವನ ಹೆಸರೆತ್ತಿದರೆ ತರಗತಿಯ ತುಂಬ ಕಿಸಿಕಿಸಿ ನಗೆ. ಉತ್ತರ ಗೊತ್ತಿದ್ದರೂ ಅವನು ಕೈಯೆತ್ತುವುದನ್ನು ಬಿಟ್ಟನು. ಹಾಲಿನ ಲೋಟ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನೂ ಬಿಟ್ಟನು. ಇದು ನಗುವಂಥ ಸಂಗತಿಯೇ ಅಲ್ಲ, ಆದರೂ ಎಲ್ಲರೂ ನಗುತ್ತಿದ್ದರು.

ಹೀಗೆ ರಾಜ್ಯಭಾರ ನಿರಾತಂಕವಾಗಿ ಸಾಗಿರಲು, ತರಗತಿಯ ಭುವನೇಶ್ವರಿ ಟೀಚರ್ ತಾಲ್ಲೂಕು ಕೇಂದ್ರದಲ್ಲಿ ನಡೆದ ಸಕಾರಾತ್ಮಕ ಬೆಂಬಲದ, ಅಂದರೆ ಬೈಯದೆ ಒಳ್ಳೆಯದನ್ನೇ ಹೊಗಳಿ ತಿದ್ದುವ, ತರಬೇತಿಯನ್ನು ಮುಗಿಸಿಕೊಂಡು, ಕೈಯಲ್ಲೊಂದು ಬಣ್ಣದ ಫೈಲು, ಕಣ್ಣಲ್ಲೊಂದು ನಿರ್ಧಾರ ಹೊತ್ತು ಸೋಮವಾರ ಮರಳಿ ಬಂದರು. ಬಂದವರೇ ಡಸ್ಟರ್ ಎತ್ತಿಕೊಂಡು, ಹಲಗೆಯ ಎಡಮೂಲೆಯಲ್ಲಿ ವರ್ಷಗಳಿಂದ ಬೇರುಬಿಟ್ಟಿದ್ದ ‘ಮಾತಾಡಿದವರು’ ಎಂಬ ಶಾಸನವನ್ನು ಒಂದೇ ಏಟಿಗೆ ಒರೆಸಿಹಾಕಿದರು.

“ಇವತ್ತಿನಿಂದ ಇದು ಬಂದ್. ಯಾರು ಯಾರಿಗೆ ಉಪಕಾರ ಮಾಡ್ಯಾರ, ಅವರ ಹೆಸರು ಬರಿಯೂದು. ಆದ್ರ ಮಾಡಿದವರು ತಾವ ಹೇಳಂಗಿಲ್ಲ, ಉಪಕಾರ ಆದವರು ಎದ್ದು ನಿಂತು ಹೇಳಬೇಕು. ಶನಿವಾರದೊಳಗ ಯಾರ ಹೆಸರು ಹಲಗಿ ಮ್ಯಾಲ ಬರಂಗಿಲ್ಲೋ ಅವರು ಮಾನಿಟರ್ ಆಗಂಗಿಲ್ಲ.”

“ನನಗೂ ಇದ ರೂಲ್ ಏನ್ರೀ, ಟೀಚರ್?” ಎಂದನು ಚನ್ನವೀರ.

“ನಿನಗ ಮೊದಲ.”

ಆಹಾ! ಅಂದು ಆ ಶಾಲೆಯ ಮೇಲೆ ಎರಗಿದ ಸದ್ಗುಣಪ್ರಳಯವನ್ನು ಏನೆಂದು ಬಣ್ಣಿಸಲಿ! ಬೀಳಿಸಲೆಂದೇ ಪೆನ್ಸಿಲ್‌ಗಳು ಬಿದ್ದವು, ಎತ್ತಿಕೊಡಲೆಂದೇ ಕೈಗಳು ನುಗ್ಗಿದವು, ಎತ್ತಿಕೊಡುವ ಗಡಿಬಿಡಿಯಲ್ಲಿ ತಲೆಗೆ ತಲೆ ಢಿಕ್ಕಿ ಹೊಡೆದು ಇಬ್ಬರು ಅತ್ತರು, ಅತ್ತವರನ್ನು ಸಮಾಧಾನ ಮಾಡಿದವರ ಹೆಸರು ಹಲಗೆಗೆ ಏರಿತು. ಒಂದನೆಯ ತರಗತಿಯ ಪಾಪದ ಮಗುವೊಂದು ಅವಸರವಾಗಿ ಶೌಚಾಲಯಕ್ಕೆ ಹೊರಟಿದ್ದಾಗ ದಾರಿ ತೋರಿಸಲು ಎಂಟು ದಿಕ್ಕಿನಿಂದಲೂ ಉಪಕಾರಿಗಳು ಮುತ್ತಿಕೊಂಡು, ಯಾರು ಕೈಹಿಡಿಯಬೇಕೆಂಬ ವಾದ ಇತ್ಯರ್ಥವಾಗುವಷ್ಟರಲ್ಲಿ ಚಡ್ಡಿ ಒದ್ದೆಯಾಗಿತ್ತು. ಹೆಡ್‌ಮಾಸ್ತರ್ ಇಂಗಳಗಿ ಸರ್ ಮೊಬೈಲ್ ಹಿಡಿದು ಅಂಗಳದಲ್ಲೆಲ್ಲ ಸಂಚರಿಸುತ್ತಿದ್ದರು. ಮೇಲಿನ ಕಚೇರಿಗೆ ದಿನಕ್ಕೊಂದು ಒಳ್ಳೆಯ ನಡತೆಯ ಫೋಟೋ ಹೋಗಬೇಕಿತ್ತು. “ಏ ತಮ್ಮಾ, ಆ ಬಕೆಟ್ ಇನ್ನೊಮ್ಮೆ ಎತ್ತೋ. ಹಾಂ, ನಗು. ನೀರು ಇರಲಿಲ್ಲಾಂದ್ರೂ ನಡೀತೈತಿ.”

ಈ ಮಹಾಪ್ರವಾಹದ ನಡುವೆ ಚನ್ನವೀರನೊಬ್ಬನೇ ಒಣಗಿ ನಿಂತಿದ್ದನು. ಅವರಿವರ ಪುಣ್ಯವನ್ನು ತನ್ನ ಕೈಯಾರೆ ಬರೆದು ಬರೆದು ಅವನ ಬೆರಳು ನೋಯುತ್ತಿತ್ತು, ಅವನ ಪರವಾಗಿ ಮಾತ್ರ ಯಾರೂ ಏಳಲಿಲ್ಲ. ಅವನ ಎದೆಯೊಳಗೆ ಒಂದು ಭಯ ಹೊಕ್ಕಿತ್ತು. ಸೀಮೆಸುಣ್ಣ ಹೋಗುವುದೇ ಅವನ ಭಯವಲ್ಲ. ಇಷ್ಟು ಜನಕ್ಕೆ ಹೆಸರಿಟ್ಟವನಿಗೆ ಒಂದು ಹೆಸರು ಎಷ್ಟು ಬೇಗ ಅಂಟುತ್ತದೆ, ಎಷ್ಟು ಉಜ್ಜಿದರೂ ಹೇಗೆ ಹೋಗುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ತಾನು ಬರಿಗೈಯಲ್ಲಿ ಬೆಂಚಿಗೆ ಮರಳಿದ ದಿನವೇ ಇಡೀ ತರಗತಿ ಸೇರಿ ತನಗೊಂದನ್ನು ಇಡುತ್ತದೆ. ಏನೆಂದು ಇಡಬಹುದು? ತನ್ನ ಕಿವಿಗಳು ಅಗಲ. ಓದುವಾಗ ‘ಹ’ಕಾರ ಬಂದರೆ ದಮ್ಮು ಕಟ್ಟುತ್ತದೆ. ಅಯ್ಯೋ, ಎಷ್ಟೊಂದು ಸಿಗುತ್ತವೆ! ಅವನಿಗೆ ಊಟ ಸೇರಲಿಲ್ಲ.

ಆದುದರಿಂದ ವೀರನು ದಂಡಯಾತ್ರೆಗೆ ಹೊರಟನು. ಮಂಗಳವಾರದಂದು ಪ್ರಥಮ ಆಕ್ರಮಣ. ಧಡಂ ಎಂಬ ಹುಡುಗಿಯು ಪುಸ್ತಕದ ಚೀಲ ಹೊತ್ತು ಗೇಟಿನೊಳಗೆ ಬರುತ್ತಿರಲು, ಗಿಡುಗನು ಎರಗಿದಂತೆ ಎರಗಿ ಚೀಲವನ್ನು ಕಿತ್ತುಕೊಂಡನು.

“ಬಿಡು, ನಾ ಹೊರತೀನಿ! ಸುಮ್ಮ ಉಪಕಾರ ಮಾಡಿಸ್ಕೋ!”

“ಟೀಚರ್ ರೀ, ನನ್ನ ಚೀಲಾ ಕಸಗೊಂಡಾನ್ರೀ!” ಎಂದು ಆಕೆ ದಿಕ್ಕು ನಡುಗುವಂತೆ ಕೂಗಿದಳು.

ಬುಧವಾರ ಬದನೆಕಾಯಿಗೆ ಲೆಕ್ಕ ಹೇಳಿಕೊಡಲು ಹೋದನು. ಉತ್ತರ ತಪ್ಪಿದಾಗ ಹಳೆಯ ಅಭ್ಯಾಸಬಲದಿಂದ ತಲೆಗೊಂದು ಮೊಟಕಿದನು. ಲೆಕ್ಕ ಬಂತು, ಸಾಕ್ಷಿ ಬರಲಿಲ್ಲ. ಗುರುವಾರ ಅವನು ಅಂಗಳದಲ್ಲಿ ನಿಂತು, ಯಾರಾದರೂ ಬೀಳಲೆಂದು ಮೂರೂ ಬಿಡುವುಗಳಲ್ಲಿ ಕಾದನು. ಅಂದು ಊರಿನ ಮಕ್ಕಳೆಲ್ಲ ನೆಟ್ಟಗೆ ನಡೆದವು. ಶುಕ್ರವಾರ ಪೇರಲಹಣ್ಣನ್ನು ತಾನೇ ಹಂಚಲು ಹೋದನು. ಇಷ್ಟು ವರ್ಷ ಕೊಟ್ಟು ಗೊತ್ತಿದ್ದ ಪ್ರಜೆಗಳು ಅರಸನು ಕೊಡಲು ಬಂದದ್ದನ್ನು ಕಂಡು ಹೌಹಾರಿ, ಹಣ್ಣಿನಲ್ಲಿ ಏನೋ ಇದೆಯೆಂದು ಓಡಿಹೋದರು.

ಶನಿವಾರ ಉದಯವಾಯಿತು. ಮುಂಜಾನೆಯ ಶಾಲೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೊನೆಯ ಅವಧಿಗೆ ಮುಂಚಿನ ಬಿಡುವಿನಲ್ಲಿ, ನೀರಿನ ಟಾಕಿಯ ಹಿಂದಿನ ಕೆಸರುಭೂಮಿಯಲ್ಲಿ, ಒಬ್ಬನೇ ನಿಂತು ನಲ್ಲಿಗೆ ಬಾಯೊಡ್ಡಿದ್ದ ಅಮೋಘಸಿದ್ಧನು ಕಣ್ಣಿಗೆ ಬಿದ್ದನು. ಸಾರ್ವಭೌಮನು ಸೊಂಟದ ಮೇಲೆ ಕೈಯಿಟ್ಟು, ಟಾಕಿಯ ತಗಡು ಪ್ರತಿಧ್ವನಿಸುವಂತೆ ಗರ್ಜಿಸಿದನು:

“ಏಯ್ ಮೊಸರು! ನಾ ಯಾರಂತ ಗೊತ್ತೈತಿಲ್ಲೋ? ಈ ಚಾಕ್‌ಪೀಸ್ ಎತ್ತಿದ್ರ ಇಡೀ ಕ್ಲಾಸ್ ನಡಗತೈತಿ. ಹೆಡ್‌ಮಾಸ್ತರ್ ಇಲ್ಲದಾಗ ಪೂರಾ ಸಾಲೀನ ಸುಮ್ಮ ಕುಂದ್ರಿಸಿದಾವ ನಾನು. ಅಂಥಾವ ಖುದ್ದ ನಿನಗ ಉಪಕಾರ ಮಾಡಾಕ ಬಂದೀನಿ. ಏನು ಬೇಕು ಕೇಳು. ಲಗೂನ ಕೇಳು, ಇಲ್ಲಾಂದ್ರ ಬಡೀತೀನಿ!”

ಅಮೋಘಸಿದ್ಧನು ಬಾಯೊರೆಸಿಕೊಂಡನು. “ನನಗೇನೂ ಬ್ಯಾಡ.”

“ಬ್ಯಾಡ ಅಂದ್ರ ಹೆಂಗಲೇ? ಏನರ ಬೇಕಾಗಬೇಕು!” ಎಂದವನ ದನಿಯಲ್ಲಿ ಗರ್ಜನೆ ಕರಗಿ ಗೋಗರೆತ ಇಣುಕಿತ್ತು. “ಬರಿಯೂದು ಬರದು ಕೊಡಲ್ಯಾ? ಚೀಲ ಹೊರಲ್ಯಾ? ಇನ್ನೊಂದ ತಾಸು ಐತೋ. ಯಾರೂ ನನ್ನ ಹೆಸರು ಹೇಳವಲ್ರು.”

ಅಮೋಘಸಿದ್ಧನು ನಲ್ಲಿಯನ್ನು ತಿರುಗಿಸಿ ಬಂದ್ ಮಾಡಿದನು. ಅವನು ಇಷ್ಟು ಮಾತಾಡಿ ಯಾವ ಕಾಲವಾಗಿತ್ತೋ. “ಹಂಗಾದ್ರ ನನ್ನ ಹೆಸರು ಹಿಡದು ಕರಿ. ಕ್ಲಾಸಿನ್ಯಾಗ. ಎಲ್ಲಾರಿಗೂ ಕೇಳಸೂಹಂಗ.”

“ಇಷ್ಟೇನಾ!” ಎಂದು ಚನ್ನವೀರನು ನಕ್ಕನು. ಬೆಟ್ಟ ಹೊರಲು ಬಂದವನ ಕೈಗೆ ಬೆಂಡು ಕೊಟ್ಟಂತಾಯಿತು. ಆದರೆ ಕಥಾರಸಿಕರೇ, ನಗು ತರಗತಿಯ ಬಾಗಿಲವರೆಗೂ ಬಾಳಲಿಲ್ಲ. ‘ಮೊಸರು’ ಎಂದರೆ ತರಗತಿ ನಗುತ್ತದೆ. ತರಗತಿ ನಗುವಷ್ಟು ಹೊತ್ತು ತಾನು ಅರಸ. ಅದನ್ನು ಬಿಟ್ಟು ಹೆಸರು ಹಿಡಿದು ಕರೆದರೆ? ನಗೆ ತನ್ನ ಕಡೆಗೆ ತಿರುಗಿದರೆ? ಅಗಲ ಕಿವಿಗಳೆರಡೂ ಬಿಸಿಯಾದವು. ಕಾರಿಡಾರಿನ ಕಂಬವೊಂದಕ್ಕೆ ಮೆಲ್ಲಗೆ ಹೇಳಿ ನೋಡಿದನು. “ಅಮೋ...” ಎಂದು ಹೊರಟದ್ದು ಬಾಯಲ್ಲೇ ತಿರುವು ಪಡೆದು “ಮೊಸ...” ಆಯಿತು. ಮೂರು ವರ್ಷ ಒಂದೇ ಜಾಡಿನಲ್ಲಿ ಓಡಿದ ನಾಲಗೆ ಹೊಸ ದಾರಿ ಹಿಡಿಯಲೊಲ್ಲದು.

ಕೊನೆಯ ಅವಧಿ. ಭುವನೇಶ್ವರಿ ಟೀಚರ್ ಕುರ್ಚಿಯಲ್ಲಿ ವಿರಾಜಮಾನರಾಗಿದ್ದಾರೆ. ಫೋಟೋ ಸಿಗದೆ ಕಂಗೆಟ್ಟ ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತಿದ್ದಾರೆ. ಹಲಗೆಯ ಮೇಲೆ ಧಡಂ, ಬದನೆಕಾಯಿ ಮೊದಲಾದ ಸಕಲ ಪ್ರಜೆಗಳ ಪುಣ್ಯವೂ ಬೆಳ್ಳಗೆ ಬೆಳಗುತ್ತಿದೆ. ವೀರನು ಹಲಗೆಯ ಮುಂದೆ ನಿಂತು ತರಗತಿಯತ್ತ ತಿರುಗಿದನು. ಸುಣ್ಣದ ಕೋಲು ಬೆವರಿಗೆ ಒದ್ದೆಯಾಯಿತು. ಸಪ್ತಸಾಗರಗಳು ಸ್ತಬ್ಧವಾದವೋ, ದಿಗ್ಗಜಗಳು ಕಿವಿ ನಿಮಿರಿಸಿದವೋ ಯಾರು ಬಲ್ಲರು. ಪಕ್ಕದ ತರಗತಿಯಲ್ಲಿ ಮಗ್ಗಿ ಹೇಳುವುದು ಮಾತ್ರ ನಿಲ್ಲಲಿಲ್ಲ.

“ಅಮೋಘಸಿದ್ಧಾ.”

ಸಣ್ಣಗೆ ಬಂತು, ಆದರೂ ಬಂತು. ತರಗತಿ ಅರ್ಥವಾಗದೆ ಮಿಕಮಿಕ ನೋಡಿತು. ಹಿಂದಿನ ಬೆಂಚಿನಿಂದ ಯಾರೋ, “ಅದ್ಯಾರೋ? ಮೊಸರು ಅನ್ನು!” ಎಂದರು. ನಗೆ ಹೊರಟಿತು. ಚನ್ನವೀರನು ಭಯಪಟ್ಟ ಹಾಗೆಯೇ ಅದು ಅವನ ಮುಖಕ್ಕೇ ಬಂದು ಬಡಿಯಿತು. ಕಿವಿಗಳು ಕೆಂಡವಾದವು. ಓಡಿಹೋಗಬೇಕೆನ್ನಿಸಿತು. ಅಷ್ಟರಲ್ಲಿ ಮೂರನೆಯ ಸಾಲಿನ ತುದಿಯಲ್ಲಿ ಕುಳಿತ ಹುಡುಗ ತಲೆಯೆತ್ತಿ ನೋಡುತ್ತಿರುವುದು ಕಾಣಿಸಿತು. ಇಂಥ ನಗೆಯ ನಡುವೆ ಅವನು ಎಂದೂ ತಲೆಯೆತ್ತಿದವನಲ್ಲ.

“ಅಮೋಘಸಿದ್ಧಾ!” ಈ ಸಲ ಬೇಕೆಂದೇ ಗಟ್ಟಿಯಾಗಿ ಕರೆದನು. ಮಗ್ಗಿಯೂ ನಿಂತಿತು.

“ಏನೋ?” ಎಂದನು ಅಮೋಘಸಿದ್ಧ, ಎದ್ದು ನಿಂತು. ಬಳಿಕ ಟೀಚರ್ ಕಡೆ ತಿರುಗಿದನು. “ಟೀಚರ್ ರೀ, ಚನ್ನವೀರ ನನಗ ಉಪಕಾರ ಮಾಡ್ಯಾನ್ರೀ.”

“ಏನು ಮಾಡ್ಯಾನಪ್ಪಾ?”

“ಹೆಸರು ಹಿಡದು ಕರದಾನ್ರೀ.”

“ಅಷ್ಟೇನು?”

“ಅಷ್ಟ ರೀ.”

ಟೀಚರ್ ಕೈಯಲ್ಲಿದ್ದ ಬಣ್ಣದ ಫೈಲನ್ನು ಮೇಜಿನ ಮೇಲಿಟ್ಟರು. ಮೂರು ವರ್ಷ ಈ ಮಕ್ಕಳ ಜೊತೆಯಲ್ಲೇ ಇದ್ದೂ ತಮ್ಮ ಕಿವಿಗೆ ಬೀಳದೆ ಹೋದದ್ದು ಏನೆಂದು ಆಗ ಅವರಿಗೆ ತಿಳಿಯಿತು, ಮುಖ ಸಣ್ಣದಾಯಿತು. ಚನ್ನವೀರನ ಕೈಯಿಂದಲೇ ಅಮೋಘಸಿದ್ಧನಿಗೆ ಸೀಮೆಸುಣ್ಣ ಕೊಡಿಸಿದರು. ಅವನು ಹಲಗೆಯ ಬಳಿ ಹೋಗಿ, ‘ಬಕೆಟ್ ಎತ್ತಿದ’ ‘ಪೆನ್ಸಿಲ್ ಕೊಟ್ಟ’ ಎಂಬ ಘನಕಾರ್ಯಗಳ ಕೆಳಗೆ ‘ಚನ್ನವೀರ, ಹೆಸರು ಕರೆದ’ ಎಂದು ಬರೆದು, ಕೈ ಝಾಡಿಸಿಕೊಂಡನು. ಗಂಟೆ ಹೊಡೆಯಿತು. ಮಕ್ಕಳೆಲ್ಲ ಚೀಲ ಎತ್ತಿಕೊಂಡು ಬಾಗಿಲಿಗೆ ನುಗ್ಗಿದರು. ಅವರೊಂದಿಗೆ ಅಮೋಘಸಿದ್ಧನೂ ಹೊರಟುಹೋದನು.

“ಏ ನಿಂದ್ರೋ, ನಿಂದ್ರೋ!” ಎಂದು ಹೆಡ್‌ಮಾಸ್ತರು ಚನ್ನವೀರನತ್ತ ಮೊಬೈಲ್ ಎತ್ತಿದರು. “ಇವತ್ತಿನ ಫೋಟೋ ಇನ್ನೂ ಹೋಗಿಲ್ಲ. ಇನ್ನೊಮ್ಮೆ ಕರಿ, ತೆಗೀತೀನಿ.”

“ಅವ ಹೋದ್ನಲ್ರೀ, ಸರ್.”

“ಹೋಗಲಿ ಬಿಡು, ನೀ ಕರಿ.”

ಚನ್ನವೀರನು ಬಾಗಿಲ ಕಡೆ ತಿರುಗಿದನು. ಅವನಿಗೆ ಫೋಟೋ ಬೇಕಿರಲಿಲ್ಲ. ಮನೆಯ ದಾರಿ ಇಬ್ಬರಿಗೂ ಒಂದೇ ಎಂಬುದು ಈಗಷ್ಟೇ ನೆನಪಾಗಿತ್ತು. ಬಾಯಿ ಅಗಲಿಸಿ ಹೆಸರು ಹಿಡಿದು ಜೋರಾಗಿ ಕೂಗಿದನು, ಅದೇ ಕ್ಷಣಕ್ಕೆ ಮೊಬೈಲ್ ‘ಕ್ಲಿಕ್’ ಎಂದಿತು. ಅಂಗಳದ ಆಚೆಯಿಂದ “ಓ! ಬಾರೋ ಲಗೂನ!” ಎಂಬ ಉತ್ತರ ಬಂತು. ಅವನು ಓಡಿದನು.

ಉತ್ತರವು ಫೋಟೋದಲ್ಲಿ ಬೀಳುವಂಥದ್ದಲ್ಲವಷ್ಟೆ. ಸೋಮವಾರ ಮೇಲಿನ ಕಚೇರಿಯಿಂದ ಸಂದೇಶ ಬಂದಿತ್ತು: ‘ಆಕಳಿಸುತ್ತಿರುವ ಹುಡುಗನ ಫೋಟೋ ಏಕೆ ಕಳಿಸಿದ್ದೀರಿ? ಒಳ್ಳೆಯ ನಡತೆಯದ್ದು ಕಳಿಸಿ.’ ಇಂಗಳಗಿ ಸರ್ ಬಕೆಟ್ಟಿನದ್ದನ್ನೇ ಮತ್ತೊಮ್ಮೆ ಕಳಿಸಿದರು.