ಸಾಗರರಾಣಿ ಸಂಗ್ರಾಮ

ಜಯ ಜಯ! ತಾಮ್ರದ ಸುರುಳಿಗಳಲ್ಲಿ ಮಲಗಿರುವ ಮಹಾಶಕ್ತಿಯೇ, ತುಕ್ಕು ಹಿಡಿದ ಸ್ಕ್ರೂಗಳನ್ನು ಕಾಯುವ ತಾಯೇ, ಬಂದು ಈ ಬಡಕವಿಯ ನಾಲಗೆಯ ಮೇಲೆ ಕೂರು. ಸುಮ್ಮನೆ ಕೂರಬೇಡ, ಒಂದೆರಡು ಹನಿ ಎಣ್ಣೆಯನ್ನೂ ಬಿಡು. ಹೇಳಬೇಕಾದ ಕತೆ ದೊಡ್ಡದು. ಕತೆಯೊಳಗಿನ ಗಂಡಸರು ಅದಕ್ಕಿಂತ ದೊಡ್ಡವರೆಂದು ತಮಗೆ ತಾವೇ ತಿಳಿದುಕೊಂಡವರು.

ಕಲಿಯುಗವು ಪ್ರಾಯಕ್ಕೆ ಬಂದು, ಮನುಷ್ಯಕುಲದ ಸಕಲ ಆಟಪಾಟಗಳೂ ಅಂಗೈಯಗಲದ ಗಾಜಿನೊಳಗೆ ಸೇರಿಹೋಗಿ, ಮದುವೆಮನೆಯಲ್ಲಿ ಮದುಮಗನೂ ತಲೆ ತಗ್ಗಿಸಿ ಮೊಬೈಲು ತಿಕ್ಕುತ್ತಿದ್ದ ಆ ಘೋರ ಕಾಲದಲ್ಲಿ, ನವನೀತ-ದೋಸಾ-ಧೂಮ-ಧೂಸರಿತವಾದ ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ತ್ರಿದಳ-ವ್ಯಜನ-ವಿಕ್ರಯ-ಧುರಂಧರನೂ, ಗ್ರೀಷ್ಮ-ಸಂತಪ್ತ-ಜನ-ಸ್ವೇದ-ಹರನೂ ಆದ ಮುರಿಗೆಪ್ಪನೆಂಬ ಮಹಾವೀರನಿದ್ದನು. ಸೀಲಿಂಗ್ ಫ್ಯಾನ್ ಅಂಗಡಿ ಇಟ್ಟುಕೊಂಡಿದ್ದ ಅನ್ನುವುದನ್ನು ಹೀಗೂ ಹೇಳಬಹುದು.

ಈ ವೀರನಿಗೆ ಒಂದು ಹುಚ್ಚು. ಹಳೇ ಪಿನ್‌ಬಾಲ್ ಯಂತ್ರಗಳನ್ನು ಎಲ್ಲಿಂದಲಾದರೂ ಹೊತ್ತು ತರುವುದು, ಬಿಚ್ಚುವುದು, ಉಜ್ಜುವುದು, ಮತ್ತೆ ಕೂಡಿಸುವುದು. ಪಿನ್‌ಬಾಲ್ ಅಂದರೇನೆಂದು ಕೇಳುವಿರಾ? ನಾಲ್ಕು ಕಾಲಿನ ಮೇಲೆ ನಿಂತ ಇಳಿಜಾರು ಪೆಟ್ಟಿಗೆ. ಮೇಲೊಂದು ಗಾಜು, ಒಳಗೊಂದು ಉಕ್ಕಿನ ಗುಂಡು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮಿ, ಬಂಪರುಗಳೆಂಬ ಬಣ್ಣದ ಅಣಬೆಗಳಿಗೆ ಬಡಿದು, ಬಡಿದಷ್ಟು ಸಲ ಗಂಟೆ ಹೊಡೆದು, ಅಂಕ ಏರಿಸಿ, ಕೊನೆಗೆ ಕೆಳಗಿಳಿಯುತ್ತದೆ. ಇಳಿಯುವ ಹೊತ್ತಿಗೆ ಪೆಟ್ಟಿಗೆಯ ಪಕ್ಕದ ಬಟನ್ ಒತ್ತಿ, ಫ್ಲಿಪ್ಪರ್ ಎಂಬ ಗಿಡ್ಡ ಕೈಗಳಿಂದ ಅದನ್ನು ವಾಪಸ್ ಮೇಲಕ್ಕೆ ಒದೆಯಬೇಕು. ಒದೆಯದಿದ್ದರೆ ಕೆಳಗಿನ ತೂತಿಗೆ ಬಿತ್ತು, ಕತೆ ಮುಗಿಯಿತು. ಇಷ್ಟಕ್ಕೆ ಮುರಿಗೆಪ್ಪನ ಮನೆಯ ಪಡಸಾಲೆಯೆಲ್ಲ ಭರ್ತಿಯಾಗಿ, ಬಂದ ನೆಂಟರು ಯಂತ್ರ ಯಂತ್ರದ ಸಂದಿಯಲ್ಲಿ ಅಡ್ಡಡ್ಡ ನಿಂತು ಚಹಾ ಕುಡಿಯುತ್ತಿದ್ದರು.

ಆ ಯಂತ್ರಾಂತಃಪುರದ ಪಟ್ಟಮಹಿಷಿಯೇ ಸಾಗರರಾಣಿ. ಮುಚ್ಚಿಹೋದ ಯಾವುದೋ ಗಣಿಯ ಸಾಹೇಬರ ಕ್ಲಬ್ಬಿನಲ್ಲಿ ಇಲಿಗಳಿಗೆ ಬಾಣಂತನದ ಕೋಣೆಯಾಗಿದ್ದವಳು. ಅವಳನ್ನು ಉದ್ಧರಿಸಿದ ಪುಣ್ಯಾತ್ಮ ನಮ್ಮ ಮುರಿಗೆಪ್ಪ. ಫ್ಯಾನಿನ ಸುರುಳಿ ಸುತ್ತಿ ಪಳಗಿದ ಅದೇ ಬೆರಳುಗಳಿಂದ ಅವಳ ಸುಟ್ಟ ಸುರುಳಿಗಳನ್ನೆಲ್ಲ ಮತ್ತೆ ಸುತ್ತಿದನು. ಕರೆಂಟು ಹಾಯಿಸುವ, ಹಸಿರುಗಟ್ಟಿದ ಕಾಂಟ್ಯಾಕ್ಟುಗಳನ್ನು ಹೆಂಡತಿಯ ಉಗುರು ತಿಕ್ಕುವ ಅರದಿಂದ ಒಂದೊಂದಾಗಿ ತಿಕ್ಕಿದನು. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಅವಳ ಮೈಯ ಮೂಲೆ ಮೂಲೆ ಒರೆಸಿದನು. ಸ್ವಂತ ಮಗ ಬೋರ್ಡಿಂಗ್ ಶಾಲೆಯಿಂದ ಜ್ವರ ಬಂದು ಮನೆಗೆ ಬಂದಾಗಲೂ ಈ ಪರಿ ಸೇವೆ ಆಗಿರಲಿಲ್ಲವೆಂದು ಧರ್ಮಪತ್ನಿ ಸರ್ವಮಂಗಳ ಈಗಲೂ ಹೇಳುತ್ತಾಳೆ.

ಆದರೆ ಒಂದು ವಿಷಯ ಯಾರಿಗೂ ಗೊತ್ತಿರಲಿಲ್ಲ. ಮುರಿಗೆಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಆಟವನ್ನೂ ಪೂರ್ತಿ ಆಡಿದವನಲ್ಲ. ಬಟನ್ ಒತ್ತಿ ಫ್ಲಿಪ್ಪರ್ ಎದ್ದಿತೇ ನೋಡುವನು, ಬೆರಳಿಂದ ಬಂಪರ್ ಮುಟ್ಟಿ ಗಂಟೆ ಹೊಡೆಯಿತೇ ಕೇಳುವನು, ತೃಪ್ತನಾಗಿ ಗಾಜು ಮುಚ್ಚುವನು. ಗುಂಡನ್ನು ಓಡಿಸಿ ಆಡಲು ಎಲ್ಲಿ ತನಗೆ ಬರುವುದಿಲ್ಲವೋ ಎಂಬ ಭಯ ಅವನಿಗೆ ಮೊದಲಿಂದಲೂ ಇತ್ತು.

ಈಗ ಕಲಹದ ಮೂಲಕ್ಕೆ ಬರೋಣ. ಸಾಗರರಾಣಿಯ ತಲೆಯ ಕಡೆ ನೆಟ್ಟಗೆ ನಿಲ್ಲಿಸಿದ ಬಣ್ಣದ ಗಾಜಿನಲ್ಲಿ, ಹಡಗಿನ ಮೂತಿಯ ಮೇಲೆ, ಒಬ್ಬ ಬಿಳಿಯ ಸುಂದರಿ ಈಜುಡುಪಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಡಸಾಲೆಯ ಎದುರಿಗೇ ದೇವರ ಕೋಣೆ. ಸರ್ವಮಂಗಳ ಒಂದು ದಿನ ಪೂಜೆ ಮುಗಿಸಿ ಹೊರಬಂದವಳು, "ರೀ, ನಾನು ಕಣ್ ಬಿಟ್ರೆ ಲಿಂಗಪ್ಪನ್ನ ನೋಡ್ಲೋ ಇವಳ ತೊಡಿ ನೋಡ್ಲೋ? ಒಂದೋ ಈಕಿ ಬಟ್ಟಿ ಹಾಕ್ಕೋಬೇಕು, ಇಲ್ಲ ಮನಿ ಬಿಡಬೇಕು," ಎಂದಳು. ಮುರಿಗೆಪ್ಪ ಅಂಗಡಿಯ ಬೋರ್ಡ್ ಬರೆಯುವವನನ್ನು ಕರೆಸಿದನು. ಸಂಜೆಯೊಳಗೆ ಆ ಸಮುದ್ರಸುಂದರಿ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು, ಮುತ್ತೈದೆಯಾದಳು.

ಇದು ಓಂಕಾರಪ್ಪನ ಕಣ್ಣಿಗೆ ಬಿತ್ತು. ಓಂಕಾರಪ್ಪ ಯಾರು? ಚಕ್ರ-ಕವಚ-ಚಕ್ರವರ್ತಿ, ಪಂಚರ್-ಪರಿಹಾರ-ಪಾರಂಗತ, ಟೈರಿನ ಅಂಗಡಿಯ ಮಾಲೀಕ, ಊರಿನಲ್ಲಿ ಈ ಹುಚ್ಚು ಹಿಡಿದ ಎರಡನೆಯವನು. ಯಂತ್ರವೆಂದರೆ ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು, ಗೀರು ಬಿದ್ದಿದ್ದರೆ ಗೀರೂ ಇರಬೇಕು ಎಂಬುದು ಅವನ ಮತ. ಆ ಮತದಲ್ಲಿ ಅವನೊಬ್ಬನೇ ಗುರು, ಅವನೊಬ್ಬನೇ ಶಿಷ್ಯ.

ದೋಸೆ ಹೋಟೆಲಿನಲ್ಲಿ ನಾಲ್ಕು ಜನರೆದುರು ಅವನು ಗರ್ಜಿಸಿದನು: "ಎಲೈ ವ್ಯಜನವಣಿಕನೇ! ಪರದೇಶದ ರಾಣಿಗೆ ಸೀರೆಯುಡಿಸಿ ಅವಳ ಕುಲಗೋತ್ರಗಳನ್ನೇ ಕೆಡಿಸಿದೆಯಲ್ಲಾ! ಅವಳನ್ನು ಕಾಪಾಡುವ ಯೋಗ್ಯತೆ ನಿನಗೆಲ್ಲಿ? ನನ್ನೊಡನೆ ಆಟಕ್ಕೆ ನಿಲ್ಲು. ಮೂರು ಗುಂಡು ನನಗೆ, ಮೂರು ಗುಂಡು ನಿನಗೆ. ಗೆದ್ದವನ ಮನೆಗೆ ಸಾಗರರಾಣಿ!"

ಹೀಗೆಂದನೆಂದು ಕವಿ ಬರೆಯುತ್ತಾನೆ. ಪಕ್ಕದ ಟೇಬಲ್ಲಿನವರಿಗೆ ಕೇಳಿಸಿದ್ದು ಇಷ್ಟು: "ಲೇ ಮುರಿಗಿ, ಅದೇನ್ ಪಿನ್‌ಬಾಲೋ ಗ್ವಾಡೀಗೆ ಹಾಕೋ ಕ್ಯಾಲೆಂಡರೋ? ಆಡಾಕ್ ಬರ್ತತೇನ್ ನಿಂಗೆ? ಬಾ ನೋಡೇ ಬಿಡಾನ. ನಾ ಗೆದ್ರೆ ಮಷೀನ್ ನನ್ ಗೋಡೌನಿಗೆ."

ಬಾಯಲ್ಲಿದ್ದ ದೋಸೆಯನ್ನು ಪೂರ್ತಿ ನುಂಗುವ ಮೊದಲೇ ಮುರಿಗೆಪ್ಪ ಒಪ್ಪಿಬಿಟ್ಟನು. ಗಂಡಸು ನೋಡಿ, ನಾಲ್ಕು ಜನರ ಎದುರಿಗೆ ಇನ್ನೇನು ಅಂದಾನು? ಮನೆಗೆ ಬಂದ ಮೇಲೆ ಸಾಗರರಾಣಿಯ ಗಾಜಿನ ಮೇಲೆ ಕೈಯಿಟ್ಟು ನಿಂತನು. ಅವಳು ಆ ಟೈರಿನ ವಾಸನೆಯ ಗೋಡೌನಿನಲ್ಲಿ, ಟ್ಯೂಬುಗಳ ರಾಶಿಯ ಪಕ್ಕ ನಿಲ್ಲುವುದನ್ನು ನೆನೆದು, ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದನು. ಅಷ್ಟು ಪ್ರೀತಿ ಅವನಿಗೆ ನಿಜವಾಗಿಯೂ ಇತ್ತು, ಅದರಲ್ಲಿ ಅಣಕವಿಲ್ಲ.

ಓಂಕಾರಪ್ಪ ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ಅಷ್ಟು ಹೊತ್ತಿಗೆ ಮುರಿಗೆಪ್ಪ ಸ್ಕೂಟರು, ಸುರುಳಿ ಸುತ್ತುವ ಯಂತ್ರ, ಸ್ಕ್ರೂಡ್ರೈವರುಗಳ ಸಮೇತ ಸಾಗರರಾಣಿಗೂ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಕಾಲಿಗೂ ಬಾಳೆಕಂದು ಕಟ್ಟಿ ಊದುಬತ್ತಿ ಹಚ್ಚಿದ್ದನು. ವೈರಿಯನ್ನು ಹೊಸ್ತಿಲಲ್ಲಿ ಕಂಡೊಡನೆ ಅವನ ಮುಖ ಅರಳಿತು.

"ಅಯ್ಯೋ, ಪೂಜಿಗೆ ಇಟ್ಟ ಆಯುಧ ಇವತ್ತು ಮುಟ್ಟಂಗಿಲ್ಲಲ್ಲೋ ಓಂಕಾರಿ! ನಿಂಗ್ ಗೊತ್ತಿಲ್ಲೇನು?"

ಓಂಕಾರಪ್ಪನ ಅಂಗಡಿಯಲ್ಲೂ ಜಾಕಿಗೆ ಕುಂಕುಮ ಹಚ್ಚಿ ಬಾಗಿಲು ಹಾಕಿ ಬಂದದ್ದಾಗಿತ್ತು. ಏನೆಂದು ವಾದಿಸುತ್ತಾನೆ? ಹಲ್ಲು ಕಡಿದು, "ನಾಳಿ ಬನ್ನಿ ತಗಂಡೇ ಬರ್ತೀನಿ," ಎಂದು ಪ್ರಸಾದ ತಿಂದು ಹೋದನು.

ವಿಜಯದಶಮಿಯ ಸೂರ್ಯ ಉದಯಿಸಿದನು. ಅವನಿಗೆ ಬೇರೆ ದಾರಿಯಿರಲಿಲ್ಲ. ಜೇಬಿನ ತುಂಬ ಬನ್ನಿ ಎಲೆ ತುಂಬಿಕೊಂಡು, ಗಾಡಿ ಓಡಿಸುವ ಚರ್ಮದ ಕೈಗವಸು ತೊಟ್ಟು, ಸಿಂಹ-ಕಟಿ ಎನ್ನಲಾಗದ ಕಟಿಗೆ ಬೆಲ್ಟು ಬಿಗಿದು ಓಂಕಾರಪ್ಪ ರಣರಂಗಕ್ಕಿಳಿದನು. ಅಡುಗೆಮನೆಯಿಂದ ಬೇಳೆ ಬೆಂದ ಪರಿಮಳ, ಹೂರಣ ರುಬ್ಬುವ ಸದ್ದು. ಮುರಿಗೆಪ್ಪ ಸ್ವಿಚ್ ಹಾಕಿದನು. ಸಾಗರರಾಣಿ ಕಣ್ಣು ಬಿಟ್ಟಳು. ಕೆಂಪು, ಹಳದಿ, ನೀಲಿ ದೀಪಗಳು ಇಳಕಲ್ ಸೆರಗಿನ ಹಿಂದೆ ಮಿನುಗಿದವು. ಹಾಹಾ! ಆ ಒಂದು ಕ್ಷಣಕ್ಕೆ ಇಬ್ಬರು ವೈರಿಗಳೂ ಬಾಯಿಬಿಟ್ಟು ನೋಡಿದರು.

ಮೊದಲ ಸರದಿ ಅತಿಥಿಯದು. ಓಂಕಾರಪ್ಪ ಸ್ಪ್ರಿಂಗನ್ನು ಧನುಸ್ಸಿನಂತೆ ಎಳೆದನು, ಬಿಟ್ಟನು. ಅಯೋಗುಂಡವು ಗಗನಕ್ಕೆ ನೆಗೆದು, ಒಂದು ಬಂಪರಿಗೆ ಟಿಣ್ ಎಂದು ಬಡಿದು, ಹತ್ತು ಅಂಕ ಕೊಟ್ಟು, ನೇರವಾಗಿ ಇಳಿದು, ಎರಡು ಫ್ಲಿಪ್ಪರುಗಳ ನಡುವಿನಿಂದ ತೂತಿಗೆ ಬಿತ್ತು. ಓಂಕಾರಪ್ಪ ಬಟನ್ ಒತ್ತಿದ್ದು ಗುಂಡು ಬಿದ್ದಾದ ಮೇಲೆ. ಎರಡನೆಯದು, ಟಿಣ್, ತೂತು. ಮೂರನೆಯದು, ಟಿಣ್, ತೂತು. ಒಟ್ಟು ಮೂವತ್ತು. ಕೈಗವಸು ಕಳಚಿ ಓಂಕಾರಪ್ಪ ಬೆವರೊರೆಸಿಕೊಂಡನು. ಅಲ್ಲಿಗೆ ಮುರಿಗೆಪ್ಪನಿಗೆ ಅರ್ಥವಾಯಿತು, ಈ ನನ್ಮಗನೂ ಜನ್ಮದಲ್ಲಿ ಆಡಿದವನಲ್ಲ!

ವೀರನ ರಕ್ತ ಕುದಿಯಿತು. ನಲವತ್ತು ಅಂಕ ಸಾಕು, ಸಾಗರರಾಣಿ ಉಳಿಯುತ್ತಾಳೆ.

"ಕೇಳೆಲವೋ ಚಕ್ರಜೀವೀ!" ಎಂದು ಅವನು ತೊಡೆ ತಟ್ಟಿದನು. "ಇವಳ ನರನಾಡಿಗಳನ್ನು ನೇಯ್ದವನು ನಾನು, ಇವಳ ಉಸಿರಿನ ತಾಳ ಬಲ್ಲವನು ನಾನು, ನನ್ನ ಬೆರಳ ಅಪ್ಪಣೆಯಿಲ್ಲದೆ ಇವಳಲ್ಲಿ ಒಂದು ಗುಂಡೂ ಕೆಳಗಿಳಿಯದು!"

ಮೊದಲ ಗುಂಡು ಕೆಳಗಿಳಿಯಿತು. ಅಂಕ ಹತ್ತು. ಎರಡನೆಯದು ಒಂದು ಬಂಪರಿಗೂ ತಾಗದೆ ತೂತಿನತ್ತ ಹೊರಟದ್ದನ್ನು ಕಂಡು ತಾಳಲಾರದೆ ಸೊಂಟದಿಂದ ಪೆಟ್ಟಿಗೆಗೆ ಗುದ್ದಿದನು. ಅಲುಗಾಡಿಸಿ ಮೋಸ ಮಾಡುವವರಿಗೆಂದೇ ಯಂತ್ರದೊಳಗೆ ಒಂದು ತೂಗುಗುಂಡು ಇರುತ್ತದೆ, ಪೆಟ್ಟಿಗೆ ಅಲುಗಿದರೆ ಅದು ಆಟವನ್ನೇ ನಿಲ್ಲಿಸುತ್ತದೆ. ಅದನ್ನು ಇವನೇ ಮೂರು ವಾರ ಕೂತು ರಿಪೇರಿ ಮಾಡಿದ್ದನು. ರಿಪೇರಿ ಬಹಳ ಚೆನ್ನಾಗಿ ಆಗಿತ್ತು. ದೀಪಗಳೆಲ್ಲ ಆರಿದವು, ಗುಂಡು ಮುಗಿಯಿತು.

ಉಳಿದದ್ದು ಒಂದೇ ಗುಂಡು. ಮುರಿಗೆಪ್ಪ ಒಳಗೆ ಓಡಿ ಪೂಜೆಯ ತಟ್ಟೆಯಿಂದ ಹಿಡಿಯಷ್ಟು ಒದ್ದೆ ಅಕ್ಷತೆ ತಂದನು. "ಅಪ್ಪಾ, ಇದೊಂದ್ಸಲ ಮಾನ ಕಾಪಾಡಪ್ಪಾ," ಎಂದು ಸಾಗರರಾಣಿಯ ಮೈಮೇಲೆಲ್ಲ ಎರಚಿದನು. ಹೊಸ ಕಾರಿನ ಸ್ಟೇರಿಂಗಿಗೆ ಹಚ್ಚುವಂತೆ ಎರಡೂ ಪಕ್ಕದ ಬಟನ್ನುಗಳಿಗೆ ಅರಿಸಿನದ ಅಕ್ಕಿ ಒತ್ತಿ ಹಚ್ಚಿದನು. ಭಕ್ತಿಯಿಂದಲೇ ಒತ್ತಿದನು, ಬಲವಾಗಿಯೇ ಒತ್ತಿದನು. ನಂತರ ಸ್ಪ್ರಿಂಗ್ ಎಳೆದು ಬಿಟ್ಟನು.

ಆಹಾ, ಆ ಗುಂಡು! ಟಿಣ್, ಇಪ್ಪತ್ತು. ಟಿಣ್, ಮೂವತ್ತು! ಸಮ! ಇನ್ನೊಂದು ಟಿಣ್ ಸಾಕು! ಗುಂಡು ಓಲಾಡುತ್ತ, ವಯ್ಯಾರ ಮಾಡುತ್ತ, ಎಡಗಡೆಯ ಫ್ಲಿಪ್ಪರಿನ ನೆತ್ತಿಯ ಮೇಲೇ ಬಂದು ಇಳಿಯಿತು. ಓಂಕಾರಪ್ಪ ಕಣ್ಣು ಮುಚ್ಚಿದನು. ಮುರಿಗೆಪ್ಪ ಹೆಸರಿದ್ದ ದೇವರನ್ನೆಲ್ಲ ಕರೆದು ಎಡಗಡೆಯ ಬಟನ್ ಒತ್ತಿದನು.

ಬಟನ್ ಕದಲಲಿಲ್ಲ. ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಗುಂಡು ಫ್ಲಿಪ್ಪರಿನ ಮೇಲೆ ಒಂದು ಗಳಿಗೆ ನಿಂತಂತೆ ಮಾಡಿ, ನಿಧಾನವಾಗಿ ಉರುಳಿ ತೂತಿಗೆ ಬಿತ್ತು. ಕೊಟಕ್ ಅಂತ ಯಂತ್ರ ನಿಂತಿತು. ಮೂವತ್ತು, ಮೂವತ್ತು.

ಈ ಮಹಾಕಾಳಗವನ್ನು ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ, ಕೈಗೆ ಮೆತ್ತಿದ ಮೈದಾಹಿಟ್ಟು ಒರೆಸಿಕೊಳ್ಳುತ್ತ ನಿಂತು ನೋಡಿದ ಸರ್ವಮಂಗಳ ಮುಂದೆ ಬಂದಳು. ಈ ಪೆಟ್ಟಿಗೆಯೊಳಗೆ ಗುಂಡು ಓಡಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಗಾಜಿನೊಳಗೆ ಬಗ್ಗಿ ನೋಡಿದಳು. ಗಂಡನ ಮುಖ ನೋಡಿದಳು.

"ಮುಗೀತೇನ್ರಿ?"

"ಹೂಂ."

"ಇಷ್ಟೇನಾ ಇದು?"

ಅವಳು ಕೊಂಕು ಮಾತಾಡಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು. ಮುರಿಗೆಪ್ಪನಿಗೆ ಗೋಡೌನಿನ ಭಯಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಸಮಬಲವಾದರೆ ಮತ್ತೊಂದು ಆಟ ಆಡಬೇಕಾದ್ದು ನ್ಯಾಯ. ಇಬ್ಬರಿಗೂ ಗೊತ್ತಿತ್ತು. ಸ್ಪ್ರಿಂಗಿನ ಹಿಡಿಯತ್ತ ಇಬ್ಬರೂ ಕೈ ಚಾಚಲಿಲ್ಲ. ಓಂಕಾರಪ್ಪ ಗಾಜಿನ ಮೇಲೆ ಬೆರಳಾಡಿಸಿ, ಗಂಟಲು ಸರಿಮಾಡಿಕೊಂಡು, "ಹಳೇ ಪೇಂಟು ಕಣೋ ಮುರಿಗಿ. ಗುಂಡು ಹಂಗ್ ಉಳ್ಳಾಡಿದ್ರೆ ಸವದೋಗ್ತತಿ," ಎಂದನು.

"ಹೌದೌದು," ಎಂದು ಮುರಿಗೆಪ್ಪ ತಟ್ಟನೆ ಹಿಡಿದುಕೊಂಡನು. "ಇಂಥವು ಆಡಕ್ಕಲ್ಲ ಬಿಡು. ತಿಳಿದೋರು ಆಡಂಗಿಲ್ಲ."

"ಆಡೋರು ಹುಡುಗ್ರು."

"ಹುಚ್ಚುಮುಂಡೇವು."

ಅದೇ ಕ್ಷಣದಲ್ಲಿ ಸಂಧಿಯಾಯಿತು. ಓಂಕಾರಪ್ಪ ಜೇಬಿನಿಂದ ಬನ್ನಿ ತೆಗೆದು ಕೊಟ್ಟನು. "ಬನ್ನಿ ತಗಂಡು ಬಂಗಾರದಂಗೆ ಇರಾನ," ಎಂದು ಇಬ್ಬರೂ ತಬ್ಬಿಕೊಂಡರು. ಸೀರೆಯ ವಿಷಯ ಯಾರೂ ಎತ್ತಲಿಲ್ಲ. ಸಾಗರರಾಣಿ ಮುರಿಗೆಪ್ಪನಿಗೇ ಉಳಿದಳು. ಇನ್ನು ಮೇಲೆ ಅವಳನ್ನು ಯಾರೂ ಆಡುವಂತಿಲ್ಲವೆಂದು ಇಬ್ಬರೂ ಗಂಭೀರವಾಗಿ ಪ್ರತಿಜ್ಞೆ ಮಾಡಿ, ಪ್ಲಗ್ ಕಿತ್ತು, ಗಾಜಿನ ಮೇಲೆ ಹಳೇ ಜಮಖಾನೆ ಹೊದಿಸಿದರು.

ಸರ್ವಮಂಗಳ ಬಿಸಿ ಹೋಳಿಗೆಯ ದೊಡ್ಡ ಪರಾತ ಹಿಡಿದು ಬಂದಳು. ಪಡಸಾಲೆಯಲ್ಲಿ ಇಡಲು ಬೇರೆ ಜಾಗವೆಲ್ಲಿದೆ? ಜಮಖಾನೆಯ ಮೇಲೆ ಇಟ್ಟಳು. ಪರಾತ ಇಳಿಜಾರಿನಲ್ಲಿ ಮೆಲ್ಲಗೆ ಜಾರತೊಡಗಿತು. ಅವಳು ಅದನ್ನು ಹೊಟ್ಟೆಗೆ ಆನಿಸಿ ತಡೆದಳು.

"ರೀ, ಈಕಡಿ ಕಾಲು ಗಿಡ್ಡ ಅದಾವು. ಓಂಕಾರಣ್ಣ, ನೀವೊಂದ್ ಕೈ ಹಿಡೀರಿ. ಹಿತ್ತಲದಾಗೆ ಇಟ್ಟಿಗಿ ಐತಿ, ತಗಂಡ್ ಬಂದು ಕೆಳಗೆ ಕೊಟ್ಟು ಸಮ ಮಾಡ್ರಿ."

ತ್ರಿದಳ-ವ್ಯಜನ-ವಿಕ್ರಯ-ಧುರಂಧರನು ಹಿತ್ತಲಿಗೆ ಹೋಗಿ ಇಟ್ಟಿಗೆ ತಂದನು. ಚಕ್ರ-ಕವಚ-ಚಕ್ರವರ್ತಿಯು ಉಸಿರು ಬಿಗಿಹಿಡಿದು ಯಂತ್ರ ಎತ್ತಿದನು. ಇಟ್ಟಿಗೆ ಒಳಗೆ ಹೋಯಿತು. ಸಾಗರರಾಣಿ ಸಮತಟ್ಟಾದಳು, ಹೋಳಿಗೆ ನಿಂತಿತು. ಇಬ್ಬರೂ ಅವಳ ಆ ಪಕ್ಕ ಈ ಪಕ್ಕ ನಿಂತು, ತುಪ್ಪ ಹಾಕಿಸಿಕೊಂಡು, ಊಟ ಮಾಡಿದರು.